.ಪಿಎಚ್‌ಪಿ ಫೈಲ್ ಯಾರ ಕೈಗೆ? ಅಪಾಚೆ, ಎಂಜಿನ್‌ಎಕ್ಸ್, ಐಐಎಸ್, ಕ್ಯಾಡಿ: ಯಾರಿಗೆ ಯಾವುದು

ಸೈಟ್ ತೆರೆದರೆ ಪೇಜ್ ಬರಲ್ಲ, ಇಂಡೆಕ್ಸ್.ಪಿಎಚ್‌ಪಿ ಅನ್ನೋ ಫೈಲೇ ಡೌನ್‌ಲೋಡ್ ಆಗುತ್ತದೆ. ಒಳಗೆ ನೋಡಿದರೆ ಸರ್ವರ್‌ನಲ್ಲೇ ಓಡಿ ಪೇಜ್ ತಯಾರಿಸಬೇಕಿದ್ದ ಪೂರ್ತಿ ಪಿಎಚ್‌ಪಿ ಕೋಡ್. ನಿಮ್ಮ ಅದೃಷ್ಟ ಕೆಟ್ಟಿದ್ದರೆ ಡೇಟಾಬೇಸ್ ಪಾಸ್‌ವರ್ಡ್ ಕೂಡ. ಸರ್ವರ್ ನೋಡಿಕೊಳ್ಳುವವರಿಗೆ ಇದು ಹೊಸದಲ್ಲ. ಕಾರಣ ಇಷ್ಟೇ: ಈ ಎಕ್ಸ್‌ಟೆನ್ಶನ್ (ಹೆಸರಿನಲ್ಲಿ ಚುಕ್ಕೆಯ ನಂತರದ ಭಾಗ) ಇರುವ ಫೈಲ್ ಬಂದರೆ ಯಾರ ಕೈಗೆ ಕೊಡಬೇಕು ಅಂತ ಸರ್ವರ್‌ಗೆ ಯಾರೂ ಹೇಳಿಲ್ಲ. ಹೇಳದಿದ್ದರೆ ಅದು ಇದ್ದದ್ದನ್ನು ಇದ್ದ ಹಾಗೇ ಎತ್ತಿ ಕೊಡುತ್ತದೆ.

ಅಪಾಚೆ, ಎಂಜಿನ್‌ಎಕ್ಸ್, ಐಐಎಸ್, ಕ್ಯಾಡಿ ಇವೆಲ್ಲ ಇಂಥ ವೆಬ್ ಸರ್ವರ್ ಸಾಫ್ಟ್‌ವೇರ್‌ಗಳು. ಅವಕ್ಕೆ ಹೇಳುವ ದಾರಿಗಳು ಮಾತ್ರ ಬೇಕಾದಷ್ಟಿವೆ, ಅಲ್ಲೇ ಗೊಂದಲ. ಯಾವುದು ಫಾಸ್ಟ್ ಅನ್ನುವ ಚರ್ಚೆಯನ್ನು ಪಕ್ಕಕ್ಕಿಡಿ. ಸಾಧಾರಣ ಸೈಟ್‌ಗೆ ಆ ವ್ಯತ್ಯಾಸ ಕಣ್ಣಿಗೂ ಬೀಳಲ್ಲ. ಕೇಳಬೇಕಾದ ಪ್ರಶ್ನೆ ಎರಡು. ಸರ್ವರ್ ತೀರ್ಮಾನ ಮಾಡುವಾಗ ಡಿಸ್ಕ್‌ನಲ್ಲಿರುವ ಫೈಲಿನ ಹೆಸರನ್ನು ನೋಡುತ್ತದೋ, ಬ್ರೌಸರ್ ಕಳಿಸಿದ ಯುಆರ್‌ಎಲ್ ನೋಡುತ್ತದೋ? ಆ ನಿಯಮವನ್ನು ಬದಲಿಸುವ ಅಧಿಕಾರ ಯಾರ ಹತ್ತಿರ ಇದೆ? ಇವೆರಡಕ್ಕೆ ಉತ್ತರ ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೇ.

ಮೊದಲು ಇದೊಂದು: ಟೈಪ್ ಬೇರೆ, ಹ್ಯಾಂಡ್ಲರ್ ಬೇರೆ

ಎಕ್ಸ್‌ಟೆನ್ಶನ್ ನೋಡಿ ಸರ್ವರ್ ಎರಡು ಕೆಲಸ ಮಾಡುತ್ತದೆ. ಒಂದು, ಕಂಟೆಂಟ್-ಟೈಪ್ ಹೆಡರ್ ಹಾಕುವುದು: ಇದು ಚಿತ್ರ, ಇದು ಫಾಂಟ್, ಇದು ಪಿಡಿಎಫ್ ಅಂತ ಬ್ರೌಸರ್‌ಗೆ ತಿಳಿಸುವುದು. ಇನ್ನೊಂದು, ಫೈಲನ್ನು ಓಡಿಸಬೇಕೋ ಸುಮ್ನೆ ಕಳಿಸಬೇಕೋ ಅಂತ ನಿರ್ಧರಿಸುವುದು. ಓಡಿಸಬೇಕಾದಾಗ ಫೈಲನ್ನು ಕೈಗೆತ್ತಿಕೊಳ್ಳುವ ಭಾಗವೇ ಹ್ಯಾಂಡ್ಲರ್. ಮೊದಲನೆಯದು ತಪ್ಪಾದರೆ ಪೇಜ್ ಅಂದಗೆಡುತ್ತದೆ, ಎರಡನೆಯದು ತಪ್ಪಾದರೆ ಸರ್ವರ್ ಬೇರೆಯವರ ಪಾಲಾಗುತ್ತದೆ. ಹಳೇ ಟ್ಯುಟೋರಿಯಲ್‌ಗಳು ಎರಡನ್ನೂ ಕಲಸಿಬಿಟ್ಟಿವೆ. ಅದರ ಫಲ ಇವತ್ತಿಗೂ ಅನುಭವಿಸುತ್ತಿದ್ದೇವೆ, ಈಗಲೇ ಬರುತ್ತೇನೆ ಅಲ್ಲಿಗೆ.

ಅಪಾಚೆ: ಒಂದೇ ಕೆಲಸಕ್ಕೆ ನಾಲ್ಕು ದಾರಿ

ಅಪಾಚೆಯಲ್ಲಿ ಪಿಎಚ್‌ಪಿ ಓಡಿಸಲು ನೆಟ್‌ನಲ್ಲಿ ನಾಲ್ಕು ಥರದ ಸಲಹೆ ಸಿಗುತ್ತದೆ, ಎಲ್ಲವೂ ಕಾನ್ಫಿಗ್ ಫೈಲಿನಲ್ಲಿ ಬರೆಯುವ ಸಾಲುಗಳು: ಆಡ್‌ಟೈಪ್, ಆಡ್‌ಹ್ಯಾಂಡ್ಲರ್, ಫೈಲ್ಸ್‌ಮ್ಯಾಚ್ ಒಳಗೆ ಸೆಟ್‌ಹ್ಯಾಂಡ್ಲರ್, ಮತ್ತೆ ಪ್ರಾಕ್ಸಿಪಾಸ್‌ಮ್ಯಾಚ್. ಮೇಲ್ನೋಟಕ್ಕೆ ಎಲ್ಲದರಿಂದಲೂ ಪೇಜ್ ಬರುತ್ತದೆ. ಒಳಗೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಆಡ್‌ಟೈಪ್ ಅತ್ಯಂತ ಹಳೆಯದು. .ಪಿಎಚ್‌ಪಿಗೆ ಒಂದು ಸುಳ್ಳು ಕಂಟೆಂಟ್-ಟೈಪ್ ಕೊಡುವುದು, ಆ ಟೈಪಿನ ಹೆಸರನ್ನೇ ಹ್ಯಾಂಡ್ಲರ್ ಅಂದುಕೊಂಡು ಅಪಾಚೆ ಪಿಎಚ್‌ಪಿ ಮಾಡ್ಯೂಲ್ ಕೈಗೆ ಒಪ್ಪಿಸುವುದು. ಟೈಪ್ ಮತ್ತು ಹ್ಯಾಂಡ್ಲರ್ ಕಲಸಿದ್ದು ಅಂದೆನಲ್ಲ, ಅದು ಇದೇ. 2024ರ ಜುಲೈನಲ್ಲಿ ಅಪಾಚೆ 2.4.60 ಬಂದಾಗ ಈ ಹಳೇ ಪದ್ಧತಿ ಕೆಲವು ಸಂದರ್ಭಗಳಲ್ಲಿ ಕೈಕೊಟ್ಟಿತು. ಪಿಎಚ್‌ಪಿ ಓಡುವ ಬದಲು ಅದರ ಸೋರ್ಸ್ ಕೋಡ್ ಹೊರಗೆ ಹೋಗುತ್ತಿತ್ತು. 2.4.61ರಲ್ಲಿ ಅರ್ಧ ಸರಿ ಮಾಡಿದರು, 2.4.62ರಲ್ಲಿ ಪೂರ್ತಿ. ಸಿವಿಇ-2024-39884 ಮತ್ತು ಸಿವಿಇ-2024-40725 ಅಂತ ಹುಡುಕಿ ನೋಡಿ (ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ನಂಬರ್). ನಿಮ್ಮ ಕಾನ್ಫಿಗ್‌ನಲ್ಲಿ ಇನ್ನೂ ಆಡ್‌ಟೈಪ್‌ನಿಂದ ಪಿಎಚ್‌ಪಿ ಓಡುತ್ತಿದ್ದರೆ ಇವತ್ತೇ ತೆಗೆಯಿರಿ.

ಆಡ್‌ಹ್ಯಾಂಡ್ಲರ್ ಕಥೆ ಸ್ವಾರಸ್ಯವಾಗಿದೆ. ಅಪಾಚೆಯ ಮಾಡ್‌_ಮೈಮ್ (ಎಕ್ಸ್‌ಟೆನ್ಶನ್ ಓದುವ ಮಾಡ್ಯೂಲ್) ಒಂದು ಫೈಲಿಗೆ ಎಷ್ಟು ಎಕ್ಸ್‌ಟೆನ್ಶನ್ ಇದ್ದರೂ ಎಲ್ಲವನ್ನೂ ಓದುತ್ತದೆ, ಕೊನೆಯದನ್ನು ಮಾತ್ರ ಅಲ್ಲ. ಇದನ್ನು ಬೇಕಂತಲೇ ಹಾಗೆ ಮಾಡಿರುವುದು. ಇಂಡೆಕ್ಸ್.ಎಚ್‌ಟಿಎಮ್‌ಎಲ್.ಕೆಎನ್, ಇಂಡೆಕ್ಸ್.ಎಚ್‌ಟಿಎಮ್‌ಎಲ್.ಇಎನ್ ಅಂತ ಎರಡು ಫೈಲ್ ಇಟ್ಟು, .ಕೆಎನ್ ಅಂದರೆ ಕನ್ನಡ ಅಂತ ಆಡ್‌ಲ್ಯಾಂಗ್ವೇಜ್‌ನಲ್ಲಿ ಒಂದು ಸಾಲು ಬರೆದು ಮಲ್ಟಿವ್ಯೂಸ್ ಆನ್ ಮಾಡಿದರೆ, ಬ್ರೌಸರ್‌ನ ಭಾಷೆ ಕನ್ನಡ ಇದ್ದವರಿಗೆ ಕನ್ನಡ ಪೇಜೇ ಹೋಗುತ್ತದೆ. ಒಂದು ಸಾಲು ಕೋಡ್ ಬರೆಯದೆ ಎರಡು ಭಾಷೆಯ ಸೈಟ್! ಒಳ್ಳೇ ಸೌಲಭ್ಯ, ಬಳಸುವವರು ಕಡಿಮೆ ಅಷ್ಟೇ.

ಈಗ ಅದೇ ಸೌಲಭ್ಯ ತಿರುಗಿ ಬೀಳುವುದನ್ನು ನೋಡಿ. ನಿಮ್ಮ ಸೈಟ್‌ನಲ್ಲಿ ಯಾರಾದರೂ ಪ್ರೊಫೈಲ್ ಫೋಟೋ ಅಪ್‌ಲೋಡ್ ಮಾಡಬಹುದು ಅಂತಿಟ್ಟುಕೊಳ್ಳಿ. ಅಪ್‌ಲೋಡ್ ಕೋಡ್ ಕೊನೆಯ ಎಕ್ಸ್‌ಟೆನ್ಶನ್ .ಜೆಪಿಜಿ ಇದೆಯಾ ಅಂತ ನೋಡಿ ಒಳಗೆ ಬಿಡುತ್ತದೆ. ಒಬ್ಬ ಫೋಟೋ.ಪಿಎಚ್‌ಪಿ.ಜೆಪಿಜಿ ಅಂತ ಹಾಕುತ್ತಾನೆ. ಅಪಾಚೆ ಓದುವಾಗ .ಪಿಎಚ್‌ಪಿಯಿಂದ ಹ್ಯಾಂಡ್ಲರ್ ಸಿಗುತ್ತದೆ, .ಜೆಪಿಜಿಯಿಂದ ಟೈಪ್ ಸಿಗುತ್ತದೆ, ಎರಡೂ ಬೇರೆ ಬೇರೆ ವಿಷಯ ಆದ್ದರಿಂದ ಒಂದನ್ನೊಂದು ಅಳಿಸಲ್ಲ. ಫೋಟೋ ಒಳಗಿನ ಕೋಡ್ ಓಡುತ್ತದೆ. ಮುಗಿಯಿತು.

ಅದಕ್ಕೇ ಮೂರನೇ ದಾರಿ. ಫೈಲ್ಸ್‌ಮ್ಯಾಚ್‌ನಲ್ಲಿ ಹೆಸರು .ಪಿಎಚ್‌ಪಿಯಿಂದಲೇ ಕೊನೆಯಾಗಬೇಕು ಅಂತ ಡಾಲರ್ ಚಿಹ್ನೆ ($) ಹಾಕಿ ಹೇಳಿ, ಅದರೊಳಗೆ ಸೆಟ್‌ಹ್ಯಾಂಡ್ಲರ್ ಇಡುವುದು. ಡೆಬಿಯನ್, ಉಬುಂಟು ಪ್ಯಾಕೇಜ್‌ಗಳೂ ಹೀಗೇ ಮಾಡುತ್ತವೆ. ಪಿಎಚ್‌ಪಿ-ಎಫ್‌ಪಿಎಮ್ (ಪಿಎಚ್‌ಪಿಯನ್ನು ಸರ್ವರ್‌ನ ಹೊರಗೆ ಬೇರೆಯಾಗಿ ಓಡಿಸುವ ಪ್ರೋಗ್ರಾಮ್) ಬಳಸುವವರು 2.4.10ರಿಂದ ಈಚೆಗೆ ಸೆಟ್‌ಹ್ಯಾಂಡ್ಲರ್‌ನಲ್ಲೇ ಎಫ್‌ಪಿಎಮ್‌ನ ಸಾಕೆಟ್ (ಅದರ ಜೊತೆ ಮಾತಾಡುವ ವಿಳಾಸ) ಹೆಸರನ್ನು ಬರೆಯಬಹುದು. ಹೊಸ ಸರ್ವರ್‌ಗೆ ಇದೇ ಸರಿ. ಪಿಎಚ್‌ಪಿಯನ್ನು ಅಪಾಚೆ ಒಳಗೇ ಕೂರಿಸುವ ಮಾಡ್‌_ಪಿಎಚ್‌ಪಿ ಸುಲಭ ಹೌದು, ಆದರೆ ಅದಕ್ಕೆ ಸಾಮಾನ್ಯವಾಗಿ ಪ್ರಿಫೋರ್ಕ್ (ಒಂದು ಪ್ರೋಸೆಸ್‌ಗೆ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ಅನ್ನುವ ಹಳೇ ವಿಧಾನ) ಬೇಕು, ಪ್ರಿಫೋರ್ಕ್ ಇದ್ದರೆ 2.4.27ರಿಂದ ಎಚ್‌ಟಿಟಿಪಿ/2 (ಪೇಜ್ ಬೇಗ ತಲುಪಿಸುವ ಹೊಸ ಪ್ರೋಟೋಕಾಲ್) ಸಿಗಲ್ಲ.

ಡಾಲರ್ ಹಾಕಿದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಇಲ್ಲ. 2.4.29ರ ವರೆಗಿನ ಅಪಾಚೆಯಲ್ಲಿ ಹೆಸರಿನ ಕೊನೆಗೆ ಒಂದು ಹೊಸ ಸಾಲಿನ ಅಕ್ಷರ ಸೇರಿಸಿದರೂ ಆ $ ಹೊಂದಿಕೆಯಾಗುತ್ತಿತ್ತು (ಸಿವಿಇ-2017-15715). ಅಪ್‌ಲೋಡ್ ಕೋಡ್‌ಗೆ ಅದು .ಪಿಎಚ್‌ಪಿ ಅಲ್ಲ, ಅಪಾಚೆಗೆ ಹೌದು. ಈಗ ಸರಿಯಾಗಿದೆ. ಆದರೂ ಅಪ್‌ಲೋಡ್ ಫೋಲ್ಡರ್‌ನಲ್ಲಿ ಹ್ಯಾಂಡ್ಲರನ್ನೇ ಪೂರ್ತಿ ತೆಗೆದುಬಿಡುವುದು ಜಾಣತನ.

ನಾಲ್ಕನೆಯದು ಪ್ರಾಕ್ಸಿಪಾಸ್‌ಮ್ಯಾಚ್. ಇದು ಮಾತ್ರ ಯುಆರ್‌ಎಲ್ ನೋಡುತ್ತದೆ, ಫೈಲನ್ನಲ್ಲ. ಡಿಸ್ಕ್ ಕಡೆ ತಿರುಗಿಯೂ ನೋಡದೆ ರಿಕ್ವೆಸ್ಟನ್ನು ಎಫ್‌ಪಿಎಮ್‌ಗೆ ದಾಟಿಸಿಬಿಡುತ್ತದೆ. ಹಾಗಾಗಿ ನೀವು ಡೈರೆಕ್ಟರಿ ವಿಭಾಗದಲ್ಲೋ .ಎಚ್‌ಟಿಆಕ್ಸೆಸ್‌ನಲ್ಲೋ (ಫೋಲ್ಡರ್ ಒಳಗೇ ಇಡುವ ನಿಯಮಗಳ ಫೈಲ್) ಹಾಕಿದ ಬೀಗ ಆ ಫೈಲುಗಳಿಗೆ ಅನ್ವಯಿಸಲ್ಲ. ಅಡ್ಮಿನ್ ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕಿ ನೆಮ್ಮದಿಯಾಗಿ ಮಲಗಿದವರಿಗೆ ಇದು ಗೊತ್ತೇ ಇರಲ್ಲ. ಹಳೇ ಅಪಾಚೆ ಕಾಲದಲ್ಲಿ ಇದು ಬಳಕೆಯಲ್ಲಿತ್ತು, ಈಗ ಇದರ ಅಗತ್ಯವಿಲ್ಲ.

ಶೇರ್ಡ್ ಹೋಸ್ಟಿಂಗ್‌ನವರಿಗೆ (ಒಂದೇ ಸರ್ವರ್‌ನಲ್ಲಿ ಹಲವರ ಸೈಟ್) ಒಂದು ಮಾತು. ಸಿಪ್ಯಾನೆಲ್ ಅನ್ನುವ ಹೋಸ್ಟಿಂಗ್ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿ ಪಿಎಚ್‌ಪಿ ವರ್ಷನ್ ಬದಲಿಸಿದಾಗ ಅದು ನಿಮ್ಮ .ಎಚ್‌ಟಿಆಕ್ಸೆಸ್ ಕೊನೆಗೆ ತನ್ನದೇ ಆಡ್‌ಹ್ಯಾಂಡ್ಲರ್ ಸಾಲು ಬರೆಯುತ್ತದೆ, ಎಡಿಟ್ ಮಾಡಬೇಡಿ ಅನ್ನುವ ಕಾಮೆಂಟ್ ಸಮೇತ. ಅದರಲ್ಲಿರುವ ಹ್ಯಾಂಡ್ಲರ್ ಹೆಸರು ಅಂಥ ಸಿಪ್ಯಾನೆಲ್ ಸರ್ವರ್‌ಗಳಿಗೆ ಮಾತ್ರ ಗೊತ್ತು. ಸೈಟನ್ನು ಬೇರೆ ಕಡೆ ಸಾಗಿಸುವಾಗ ಎಲ್ಲ ಫೈಲ್ ಜೊತೆ ಅದೂ ಹೋಗುತ್ತದೆ, ಅಲ್ಲಿ ಆ ಹೆಸರಿನ ಹ್ಯಾಂಡ್ಲರ್ ಇಲ್ಲದಿದ್ದರೆ ಪಿಎಚ್‌ಪಿ ಡೌನ್‌ಲೋಡ್ ಆಗತೊಡಗುತ್ತದೆ. ಸಾಗಿಸಿದ ಮೇಲೆ ಮೊದಲು ತೆರೆದು ನೋಡಬೇಕಾದ ಫೈಲ್ ಇದು.

ಎಂಜಿನ್‌ಎಕ್ಸ್: ಕಣ್ಣು ಯುಆರ್‌ಎಲ್ ಮೇಲೆ

ಎಂಜಿನ್‌ಎಕ್ಸ್‌ಗೆ ಪಿಎಚ್‌ಪಿ ಅಂದರೇನು ಅಂತಲೇ ಗೊತ್ತಿಲ್ಲ. ಅದರೊಳಗೆ ಪಿಎಚ್‌ಪಿ ಕೂರಿಸಲು ಆಗಲ್ಲ. ಯುಆರ್‌ಎಲ್ ಹೀಗಿದ್ದರೆ ಆ ಸಾಕೆಟ್‌ಗೆ ಕಳಿಸು ಅಂತ ಲೊಕೇಶನ್ ಬ್ಲಾಕ್‌ನಲ್ಲಿ ಹೇಳುತ್ತೀರಿ, ಅದು ಕಳಿಸುತ್ತದೆ. .ಎಚ್‌ಟಿಆಕ್ಸೆಸ್ ಇಲ್ಲವೇ ಇಲ್ಲ. ನಿಯಮ ಬದಲಿಸಬೇಕಾದರೆ ರೂಟ್ ಅಧಿಕಾರ ಬೇಕು, ರೀಲೋಡ್ ಮಾಡಬೇಕು. ಒಬ್ಬರೇ ಸರ್ವರ್ ನೋಡಿಕೊಳ್ಳುವಾಗ ಇದು ವರ: ಯಾವುದೋ ಪ್ಲಗಿನ್ ಬಂದು ಫೋಲ್ಡರ್ ಒಳಗೆ ನಿಯಮ ತುರುಕಲು ಆಗಲ್ಲ. ಹತ್ತು ಜನ ಗಿರಾಕಿಗಳ ಸೈಟ್ ಒಂದೇ ಸರ್ವರ್‌ನಲ್ಲಿದ್ದರೆ ಪ್ರತಿ ಸಣ್ಣ ಬದಲಾವಣೆಗೂ ನಿಮಗೇ ಫೋನ್ ಬರುತ್ತದೆ.

ಲೊಕೇಶನ್ ಹೇಗೆ ಆಯ್ಕೆಯಾಗುತ್ತದೆ ಅನ್ನುವುದನ್ನು ತಿಳಿಯದೆ ಎಂಜಿನ್‌ಎಕ್ಸ್ ಮುಟ್ಟಬೇಡಿ. ಸಮ ಚಿಹ್ನೆ (=) ಇರುವ ಲೊಕೇಶನ್ ಪೂರ್ತಿ ಹೊಂದಿದರೆ ಅಲ್ಲೇ ತೀರ್ಮಾನ. ಇಲ್ಲದಿದ್ದರೆ ಯುಆರ್‌ಎಲ್ ಆರಂಭಕ್ಕೆ ಹೊಂದುವ ಅತಿ ಉದ್ದದ ಸಾದಾ ಲೊಕೇಶನನ್ನು ನೆನಪಿಟ್ಟುಕೊಳ್ಳುತ್ತದೆ, ಆದರೆ ಅಲ್ಲಿಗೇ ನಿಲ್ಲಲ್ಲ. ಆಮೇಲೆ ರೆಜೆಕ್ಸ್ (ಹೆಸರಿನ ಮಾದರಿ ಹೇಳುವ ಸೂತ್ರ) ಲೊಕೇಶನ್‌ಗಳನ್ನು ಬರೆದ ಕ್ರಮದಲ್ಲೇ ನೋಡುತ್ತಾ ಹೋಗುತ್ತದೆ, ಮೊದಲು ಹೊಂದಿದ್ದು ಗೆದ್ದಿತು. ಯಾವ ರೆಜೆಕ್ಸೂ ಹೊಂದದಿದ್ದರೆ ಮಾತ್ರ ನೆನಪಿಟ್ಟುಕೊಂಡದ್ದಕ್ಕೆ ವಾಪಸ್.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ವರ್ಡ್‌ಪ್ರೆಸ್‌ನ ಅಪ್‌ಲೋಡ್ಸ್ ಫೋಲ್ಡರ್‌ಗೆ ಒಂದು ಸಾದಾ ಲೊಕೇಶನ್ ಬರೆದು, ಅದರೊಳಗೆ ಪಿಎಚ್‌ಪಿ ಕಳಿಸುವ ಸಾಲು ಇಲ್ಲವಲ್ಲ, ಹಾಗಾಗಿ ಅಲ್ಲಿ ಏನೂ ಓಡಲ್ಲ ಅಂದುಕೊಳ್ಳುತ್ತೀರಿ. ಕೆಳಗೆಲ್ಲೋ .ಪಿಎಚ್‌ಪಿಯ ರೆಜೆಕ್ಸ್ ಲೊಕೇಶನ್ ಇದೆ. ಅಪ್‌ಲೋಡ್ಸ್‌ನಲ್ಲಿರುವ .ಪಿಎಚ್‌ಪಿ ಫೈಲಿಗೆ ಗೆಲ್ಲುವುದು ಅದೇ. ತಡೆಯಲು ಬೇಕಾದದ್ದು ಎರಡೇ ಅಕ್ಷರ: ಸಾದಾ ಲೊಕೇಶನ್‌ನ ಪಾಥ್‌ಗೆ ಮೊದಲು ^~ ಹಾಕಿ. ಇದು ಹೊಂದಿದರೆ ರೆಜೆಕ್ಸ್ ನೋಡಲೇಬೇಡ ಅಂತ ಅದರ ಅರ್ಥ. ಇಷ್ಟು ಮುಖ್ಯವಾದ ವಿಷಯವನ್ನು ಇಂಥ ಚಿಹ್ನೆಯಲ್ಲಿ ಯಾಕೆ ಬಚ್ಚಿಟ್ಟರೋ ದೇವರೇ ಬಲ್ಲ.

ಯುಆರ್‌ಎಲ್ ಮಾತ್ರ ನೋಡುವುದರ ಇನ್ನೊಂದು ಪರಿಣಾಮ ಇನ್ನೂ ಪ್ರಸಿದ್ಧ. ಯಾರೋ ಅಪ್‌ಲೋಡ್ ಮಾಡಿದ ಫೋಟೋ.ಜೆಪಿಜಿ ಇದೆ. ಬ್ರೌಸರ್‌ನಲ್ಲಿ ಅದರ ಕೊನೆಗೆ ಒಂದು ಓರೆಗೆರೆ ಹಾಕಿ ಎಕ್ಸ್.ಪಿಎಚ್‌ಪಿ ಅಂತ ಸೇರಿಸುತ್ತಾರೆ. ಅಂಥ ಫೈಲೇ ಇಲ್ಲ. ಆದರೆ ಯುಆರ್‌ಎಲ್ .ಪಿಎಚ್‌ಪಿಯಿಂದ ಕೊನೆಯಾಗುತ್ತದೆ, ಹಾಗಾಗಿ ಎಂಜಿನ್‌ಎಕ್ಸ್ ಪಿಎಚ್‌ಪಿ ಕಡೆ ತಳ್ಳುತ್ತದೆ. ಪಿಎಚ್‌ಪಿಯ ಸಿಜಿಐ.ಫಿಕ್ಸ್‌_ಪಾಥ್‌ಇನ್ಫೋ ಅನ್ನುವ ಸೆಟ್ಟಿಂಗ್ ಮಾಮೂಲಿಯಾಗಿ ಆನ್ ಇರುತ್ತದೆ. ಅದು ಹಿಂದೆ ಹಿಂದೆ ಹೋಗಿ, ಓ ಫೋಟೋ.ಜೆಪಿಜಿ ಇದೆಯಲ್ಲ, ಇದನ್ನೇ ಓಡಿಸುವುದಿರಬೇಕು ಅಂತ ಓಡಿಸಿಬಿಡುತ್ತದೆ. ಪಿಎಚ್‌ಪಿ 5.3.9ರಿಂದ ಎಫ್‌ಪಿಎಮ್‌ನಲ್ಲಿ ಸೆಕ್ಯೂರಿಟಿ.ಲಿಮಿಟ್‌_ಎಕ್ಸ್‌ಟೆನ್ಶನ್ಸ್ (ಓಡಿಸಬಹುದಾದ ಎಕ್ಸ್‌ಟೆನ್ಶನ್‌ಗಳ ಪಟ್ಟಿ) ಬಂದು ಇದಕ್ಕೆ ತಡೆ ಬಿತ್ತು. ಆ ಪಟ್ಟಿಗೆ .ಎಚ್‌ಟಿಎಮ್‌ಎಲ್, .ಜೆಪಿಜಿ ಸೇರಿಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಪಟ್ಟಿಯನ್ನು ಖಾಲಿ ಮಾಡಿ ಅಂದರಂತೂ ಅವರ ಮಾತನ್ನೇ ಕೇಳಬೇಡಿ.

ಅಪಾಚೆಯ ಫೈಲ್ಸ್‌ಮ್ಯಾಚ್‌ನಲ್ಲಿ ಈ ಆಟ ನಡೆಯಲ್ಲ. ಅದು ಡಿಸ್ಕ್‌ನಲ್ಲಿ ಹುಡುಕುತ್ತಾ ಹೋಗಿ ಫೋಟೋ.ಜೆಪಿಜಿ ಸಿಕ್ಕಲ್ಲೇ ನಿಂತು, ಆ ಹೆಸರನ್ನು ನಿಯಮಕ್ಕೆ ಹೋಲಿಸುತ್ತದೆ. ಎರಡು ಸರ್ವರ್‌ಗಳ ನಿಜವಾದ ವ್ಯತ್ಯಾಸ ಇಲ್ಲಿದೆ, ಬೆಂಚ್‌ಮಾರ್ಕ್‌ನಲ್ಲಲ್ಲ.

ಎಂಜಿನ್‌ಎಕ್ಸ್‌ನಲ್ಲಿ ಅದೇ ಭದ್ರತೆ ಬೇಕಾದರೆ ಲೊಕೇಶನ್ ಒಳಗೆ ಟ್ರೈ‌_ಫೈಲ್ಸ್ ಹಾಕಿ, ಫೈಲ್ ಇಲ್ಲದಿದ್ದರೆ 404 (ಸಿಗಲಿಲ್ಲ ಅನ್ನುವ ಉತ್ತರ) ಕೊಡು ಅನ್ನಿ. 2019ರ ಅಕ್ಟೋಬರ್‌ನಲ್ಲಿ ಬಯಲಾದ ಸಿವಿಇ-2019-11043ರಿಂದಲೂ ಆ ಒಂದು ಸಾಲು ಇದ್ದವರು ಬಚಾವಾದರು. ಅಲ್ಲೂ ಕಾರಣ ಯುಆರ್‌ಎಲ್‌ನಲ್ಲಿ ನುಸುಳಿಸಿದ ಹೊಸ ಸಾಲಿನ ಅಕ್ಷರ, ರೆಜೆಕ್ಸ್ ಮುರಿದುಬೀಳುತ್ತಿತ್ತು. ಡೆಬಿಯನ್, ಉಬುಂಟು ಬಳಸುವವರಿಗೆ ಸ್ನಿಪೆಟ್ಸ್ ಫೋಲ್ಡರ್‌ನಲ್ಲಿ ಫಾಸ್ಟ್‌ಸಿಜಿಐ-ಪಿಎಚ್‌ಪಿ.ಕಾನ್ಫ್ ಅಂತ ಸಿದ್ಧ ಫೈಲ್ ಇದೆ, ಅದನ್ನೇ ಇನ್‌ಕ್ಲೂಡ್ ಮಾಡಿ, ಕೈಯಾರೆ ಬರೆಯುವ ಗೋಜು ಬೇಡ. ಡಾಕರ್‌ನಲ್ಲಿ (ಪ್ರತಿ ಪ್ರೋಗ್ರಾಮನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಎಂಜಿನ್‌ಎಕ್ಸ್ ಒಂದು ಕಂಟೇನರ್, ಪಿಎಚ್‌ಪಿ ಇನ್ನೊಂದು ಕಂಟೇನರ್ ಆಗಿದ್ದರೆ ಎಂಜಿನ್‌ಎಕ್ಸ್ ಕಡೆಗೂ ಅದೇ ಫೈಲುಗಳು ಅದೇ ಪಾಥ್‌ನಲ್ಲಿ ಕಾಣಬೇಕು. ಇಲ್ಲದಿದ್ದರೆ ಈ ಟ್ರೈ‌_ಫೈಲ್ಸ್‌ನಿಂದ ಎಲ್ಲಾ ಪೇಜೂ 404.

ಇನ್ನೂ ಒಳ್ಳೇ ಉಪಾಯ ಇದೆ. ಲಾರಾವೆಲ್, ಸಿಂಫನಿ ಥರದ ಪಿಎಚ್‌ಪಿ ಫ್ರೇಮ್‌ವರ್ಕ್‌ಗಳಲ್ಲಿ (ಆಪ್ ಕಟ್ಟಲು ಸಿದ್ಧ ಅಡಿಪಾಯ) ಹೊರಗಿನಿಂದ ಓಡಬೇಕಾದ ಪಿಎಚ್‌ಪಿ ಫೈಲ್ ಒಂದೇ: ಇಂಡೆಕ್ಸ್.ಪಿಎಚ್‌ಪಿ. ಹಾಗಿದ್ದಮೇಲೆ ಎಕ್ಸ್‌ಟೆನ್ಶನ್ ನೋಡುವ ರೆಜೆಕ್ಸ್ ಯಾಕೆ? = ಹಾಕಿ ಆ ಒಂದು ಫೈಲಿಗೆ ಮಾತ್ರ ಲೊಕೇಶನ್ ಬರೆಯಿರಿ, ಉಳಿದ ಎಲ್ಲ .ಪಿಎಚ್‌ಪಿಗೂ 404 ಕೊಡಿ. ಮೇಲೆ ಹೇಳಿದ ತಲೆನೋವುಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ. ವರ್ಡ್‌ಪ್ರೆಸ್‌ಗೆ ಇದು ಆಗಲ್ಲ, ಅದರಲ್ಲಿ ನೇರವಾಗಿ ಓಡುವ ಪಿಎಚ್‌ಪಿ ಫೈಲ್‌ಗಳು ಜಾಸ್ತಿ.

ಚಿತ್ರ, ಫಾಂಟ್, ಕ್ಯಾಶ್

.ಜೆಪಿಜಿ, .ಸಿಎಸ್ಎಸ್, .ಡಬ್ಲ್ಯುಒಎಫ್ಎಫ್2 ಎಲ್ಲ ಸೇರಿಸಿ ಒಂದು ರೆಜೆಕ್ಸ್ ಲೊಕೇಶನ್, ಒಳಗೆ ಎಕ್ಸ್‌ಪೈರ್ಸ್ 30 ದಿನ, ಅಂದರೆ ಬ್ರೌಸರ್ ಅಷ್ಟು ದಿನ ತನ್ನ ಹತ್ತಿರವೇ ಪ್ರತಿ ಇಟ್ಟುಕೊಳ್ಳಬಹುದು. ಎಂಜಿನ್‌ಎಕ್ಸ್ ಕಾನ್ಫಿಗ್‌ಗಳಲ್ಲಿ ಇದು ಎಲ್ಲೆಲ್ಲೂ ಇದೆ. ಪಟ್ಟಿಗೆ .ಎಕ್ಸ್ಎಮ್ಎಲ್, .ಟಿಎಕ್ಸ್‌ಟಿ ಕೂಡ ಸೇರಿಸಿದರೆ ತೊಂದರೆ ಶುರು. ವರ್ಡ್‌ಪ್ರೆಸ್ 5.5ರಿಂದ, ಅಂದರೆ 2020ರಿಂದ, ಸೈಟ್‌ಮ್ಯಾಪನ್ನು (ಸರ್ಚ್ ಎಂಜಿನ್‌ಗೆ ಕೊಡುವ ಪೇಜುಗಳ ಪಟ್ಟಿ, .ಎಕ್ಸ್ಎಮ್ಎಲ್) ತಾನೇ ಆಗಿಂದಾಗ ತಯಾರಿಸಿ ಕೊಡುತ್ತದೆ, ಡಿಸ್ಕ್‌ನಲ್ಲಿ ಅಂಥ ಫೈಲ್ ಇರಲ್ಲ. ನಿಮ್ಮ ಸ್ಟ್ಯಾಟಿಕ್ ಲೊಕೇಶನ್ ಅದನ್ನು ಹುಡುಕಿ ಸಿಗದೆ 404 ಅನ್ನುತ್ತದೆ, ಪಿಎಚ್‌ಪಿಗೆ ಸುದ್ದಿಯೇ ಮುಟ್ಟಲ್ಲ. ಸೈಟ್ ಚೆನ್ನಾಗೇ ಕಾಣುತ್ತಿರುತ್ತದೆ, ಸರ್ಚ್‌ನಲ್ಲಿ ಮಾತ್ರ ಪೇಜುಗಳು ಸಿಗುವುದು ತಡ.

ಆ ಲೊಕೇಶನ್ ಒಳಗೆ ಒಂದೇ ಒಂದು ಆಡ್‌_ಹೆಡರ್ (ಉತ್ತರಕ್ಕೆ ಹೆಡರ್ ಸೇರಿಸುವ ಸಾಲು) ಬರೆದರೂ ಮೇಲಿನ ಹಂತದಲ್ಲಿ ಬರೆದ ಆಡ್‌_ಹೆಡರ್‌ಗಳೆಲ್ಲ ಅಲ್ಲಿಗೆ ಇಳಿದು ಬರಲ್ಲ ಅನ್ನುವುದೂ ನೆನಪಿರಲಿ. ಕ್ಯಾಶ್ ವಿಷಯಕ್ಕೆ ಎಕ್ಸ್‌ಟೆನ್ಶನ್ ಬಿಟ್ಟು ಕಂಟೆಂಟ್-ಟೈಪ್ ಹಿಡಿಯುವುದೇ ಮೇಲು. ಎಂಜಿನ್‌ಎಕ್ಸ್‌ನಲ್ಲಿ ಮ್ಯಾಪ್ ಬರೆದು ಉತ್ತರದ ಟೈಪ್ ಪ್ರಕಾರ ಎಕ್ಸ್‌ಪೈರ್ಸ್ ಕೊಡಬಹುದು, ಅಪಾಚೆಯಲ್ಲಿ ಎಕ್ಸ್‌ಪೈರ್ಸ್‌ಬೈಟೈಪ್ ಇದೆ. ರಿಕ್ವೆಸ್ಟ್ ಯಾರ ಕೈಗೆ ಹೋಗಬೇಕು ಅನ್ನುವುದನ್ನು ಇವೆರಡೂ ಮುಟ್ಟಲ್ಲ.

ಐಐಎಸ್

ವಿಂಡೋಸ್ ಸರ್ವರ್ ಇರುವ ಆಫೀಸಿನಲ್ಲಿ ಆಯ್ಕೆ ನಿಮ್ಮ ಕೈಯಲ್ಲಿರಲ್ಲ, ಮೈಕ್ರೋಸಾಫ್ಟ್‌ನ ಐಐಎಸ್ಸೇ. ಹಾಗಂತ ಬೇಜಾರಾಗಬೇಕಿಲ್ಲ, ಈ ವಿಷಯದಲ್ಲಿ ಅದು ಸಾಕಷ್ಟು ಅಚ್ಚುಕಟ್ಟು. ಹ್ಯಾಂಡ್ಲರ್ ಮ್ಯಾಪಿಂಗ್ಸ್‌ನಲ್ಲಿ *.ಪಿಎಚ್‌ಪಿ ಅಂತ ಕೊಟ್ಟು, ಫಾಸ್ಟ್‌ಸಿಜಿಐ ಮಾಡ್ಯೂಲ್ (ಪಿಎಚ್‌ಪಿ ಜೊತೆ ಮಾತಾಡುವ ಭಾಗ) ಆರಿಸಿ, ಪಿಎಚ್‌ಪಿ-ಸಿಜಿಐ.ಇಎಕ್ಸ್ಇ ತೋರಿಸಿದರೆ ಆಯಿತು. ರಿಕ್ವೆಸ್ಟ್ ನಿಜವಾದ ಫೈಲಿಗೆ ಬಂದಿದ್ದರೆ ಮಾತ್ರ ಓಡಿಸು ಅನ್ನುವ ಆಯ್ಕೆ ಅದೇ ಕಿಟಕಿಯ ರಿಕ್ವೆಸ್ಟ್ ರಿಸ್ಟ್ರಿಕ್ಷನ್ಸ್ ಬಟನ್ ಒಳಗಿದೆ, ಟಿಕ್ ಮಾಡಿ. ಅಪ್‌ಲೋಡ್ ಫೋಲ್ಡರ್‌ಗೆ ಸ್ಕ್ರಿಪ್ಟ್ ಅನುಮತಿ ತೆಗೆದು ರೀಡ್ ಮಾತ್ರ ಬಿಡಿ.

ಐಐಎಸ್‌ನ ದೊಡ್ಡ ಗುಣ, ಗೊತ್ತಿಲ್ಲದ ಎಕ್ಸ್‌ಟೆನ್ಶನ್ ಕೊಡಲ್ಲ. ಪಟ್ಟಿಯಲ್ಲಿ ಟೈಪ್ ಇಲ್ಲದಿದ್ದರೆ 404.3. ಅದೇ ದೋಷವೂ ಹೌದು. ಹಳೇ ಐಐಎಸ್‌ನಲ್ಲಿ .ಡಬ್ಲ್ಯುಒಎಫ್ಎಫ್2 ಪಟ್ಟಿಯಲ್ಲಿರಲಿಲ್ಲ. ಕನ್ನಡ ಸೈಟ್‌ಗೆ ಚೆಂದದ ವೆಬ್‌ಫಾಂಟ್ ಹಾಕಿದರೆ ಫಾಂಟ್ ಬರದೆ, ಸಿಸ್ಟಂನಲ್ಲಿದ್ದ ಮಾಮೂಲಿ ಅಕ್ಷರಗಳೇ ಕಾಣುತ್ತವೆ. ಫೈಲ್ ಕಣ್ಣೆದುರೇ ಇದೆ, ಸರ್ವರ್ ಇಲ್ಲ ಅನ್ನುತ್ತದೆ! ವೆಬ್.ಕಾನ್ಫಿಗ್‌ನಲ್ಲಿ ಮೈಮ್‌ಮ್ಯಾಪ್ (ಎಕ್ಸ್‌ಟೆನ್ಶನ್‌ಗೆ ಟೈಪ್ ಹೇಳುವ ಸಾಲು) ಸೇರಿಸಿದರೆ ಸರಿಹೋಗುತ್ತದೆ. ಆದರೆ ಮೇಲಿನ ಹಂತದಲ್ಲಿ ಅದೇ ಎಕ್ಸ್‌ಟೆನ್ಶನ್ ಮೊದಲೇ ಇದ್ದರೆ ಎರಡು ಸಲ ಆಗಿ 500.19 ಬರುತ್ತದೆ. ಅದಕ್ಕೆ ಮೊದಲು ರಿಮೂವ್ ಸಾಲು, ಆಮೇಲೆ ಮೈಮ್‌ಮ್ಯಾಪ್. ಇನ್ನು 404.7 ಬಂದರೆ ರಿಕ್ವೆಸ್ಟ್ ಫಿಲ್ಟರಿಂಗ್‌ನಲ್ಲಿ ಯಾರೋ ಆ ಎಕ್ಸ್‌ಟೆನ್ಶನ್ ನಿಷೇಧಿಸಿದ್ದಾರೆ ಅಂತ ಅರ್ಥ. ಇಷ್ಟು ಬಿಡಿಸಿ ಹೇಳುವ ಎರರ್ ನಂಬರ್‌ಗಳು ಬೇರೆ ಸರ್ವರ್‌ಗಳಲ್ಲೂ ಇದ್ದಿದ್ದರೆ ಚೆನ್ನಾಗಿತ್ತು.

ಕ್ಯಾಡಿ, ಲೈಟ್‌ಟಿಪಿಡಿ

ಕ್ಯಾಡಿಯಲ್ಲಿ ಪಿಎಚ್‌ಪಿ‌_ಫಾಸ್ಟ್‌ಸಿಜಿಐ ಅಂತ ಒಂದೇ ಸಾಲು. ಫೈಲ್ ಹುಡುಕುವುದು, ಸಿಗದಿದ್ದರೆ ಇಂಡೆಕ್ಸ್.ಪಿಎಚ್‌ಪಿಗೆ ಹೋಗುವುದು, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಎಲ್ಲ ತಾನೇ ನೋಡಿಕೊಳ್ಳುತ್ತದೆ. ಅಪ್‌ಲೋಡ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ತಡೆಯುವುದು ಮಾತ್ರ ಇಲ್ಲೂ ನಿಮ್ಮ ಕೆಲಸ. ಲೈಟ್‌ಟಿಪಿಡಿ ಅನ್ನುವ ಹಗುರ ವೆಬ್ ಸರ್ವರ್ ಈಗ ಸಣ್ಣ ಸಾಧನಗಳಲ್ಲಿ ಜಾಸ್ತಿ ಕಾಣುತ್ತದೆ. ಅದರಲ್ಲಿ ಇಂಥಿಂಥ ಎಕ್ಸ್‌ಟೆನ್ಶನನ್ನು ಸ್ಟ್ಯಾಟಿಕ್ ಫೈಲ್ ಥರ ಯಾವತ್ತೂ ಕೊಡಬೇಡ ಅನ್ನುವ ಸೆಟ್ಟಿಂಗ್ ಇದೆ. ಪಿಎಚ್‌ಪಿ ಹ್ಯಾಂಡ್ಲರ್ ತಪ್ಪಿಹೋದರೂ ಕೋಡ್ ಹೊರಗೆ ಹೋಗಲ್ಲ. ತುಂಬಾ ಇಷ್ಟವಾಗುವ ಯೋಚನೆ.

ಹಾಗಾದರೆ ಯಾರಿಗೆ ಯಾವುದು

ಶೇರ್ಡ್ ಹೋಸ್ಟಿಂಗ್ ಆದರೆ, ಅಥವಾ ಸೈಟ್ ಮಾಲೀಕರೇ ನಿಯಮ ಬದಲಿಸಿಕೊಳ್ಳಬೇಕಾದರೆ, ಅಪಾಚೆ. ಫೈಲ್ಸ್‌ಮ್ಯಾಚ್ ಮತ್ತು ಎಫ್‌ಪಿಎಮ್, ಬೇರೆ ಏನೂ ಬೇಡ. ಯಾರು ಯಾರೋ ಫೈಲ್ ಅಪ್‌ಲೋಡ್ ಮಾಡುವ ಹಳೇ ಪಿಎಚ್‌ಪಿ ಸೈಟ್ ಇದ್ದರೂ ನನ್ನ ಮತ ಅಪಾಚೆಗೇ, ಅದು ಡಿಸ್ಕ್ ನೋಡಿ ತೀರ್ಮಾನಿಸುತ್ತದೆ ಅನ್ನುವ ಕಾರಣಕ್ಕೆ. ನಿಮ್ಮದೇ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಒಂದು ಫ್ರೇಮ್‌ವರ್ಕ್ ಆಪ್, ಕಾನ್ಫಿಗ್ ಮುಟ್ಟುವುದು ನೀವೊಬ್ಬರೇ ಅಂದರೆ ಎಂಜಿನ್‌ಎಕ್ಸ್, ಇಂಡೆಕ್ಸ್.ಪಿಎಚ್‌ಪಿ ಒಂದಕ್ಕೇ ಬಾಗಿಲು. ಇಷ್ಟೆಲ್ಲ ಓದುವ ತಾಳ್ಮೆ ಇಲ್ಲ, ಸಣ್ಣ ಸೈಟ್ ಬೇಗ ಎದ್ದು ನಿಲ್ಲಬೇಕು ಅನ್ನುವವರಿಗೆ ಕ್ಯಾಡಿ. ಎರಡು ಸರ್ವರ್ ಒಟ್ಟಿಗೆ, ಮುಂದೆ ಎಂಜಿನ್‌ಎಕ್ಸ್ ಹಿಂದೆ ಅಪಾಚೆ ಇಡುವವರೂ ಇದ್ದಾರೆ. ಗಿರಾಕಿಗಳ .ಎಚ್‌ಟಿಆಕ್ಸೆಸ್ ಬಿಡಲಾಗದ ಹೋಸ್ಟಿಂಗ್ ಕಂಪನಿಗೆ ಅದು ಸರಿ, ಒಂದೇ ಸೈಟ್ ಇರುವವರಿಗೆ ಸುಮ್ನೆ ಎರಡು ಪಟ್ಟು ಕೆಲಸ. ಮುಂದಿರುವ ಎಂಜಿನ್‌ಎಕ್ಸ್ ಚಿತ್ರಗಳನ್ನು ತಾನೇ ಕೊಟ್ಟರೆ ಅವುಗಳಿಗೆ .ಎಚ್‌ಟಿಆಕ್ಸೆಸ್‌ನಲ್ಲಿ ಹಾಕಿದ ಬೀಗವೂ ಲೆಕ್ಕಕ್ಕಿಲ್ಲ.

ಯಾವುದನ್ನೇ ಆರಿಸಿ, ರೀಲೋಡ್ ಮಾಡಿದ ಮೇಲೆ ಹೀಗೆ ಪರೀಕ್ಷೆ ಮಾಡಿ. ಆರು ಗುಣಿಸು ಏಳು ಎಷ್ಟು ಅಂತ ಪ್ರಿಂಟ್ ಮಾಡುವ ಒಂದು ಸಾಲಿನ ಪಿಎಚ್‌ಪಿ ಬರೆದು, ಅದನ್ನೇ ಟೆಸ್ಟ್.ಪಿಎಚ್‌ಪಿ, ಟೆಸ್ಟ್.ಪಿಎಚ್‌ಪಿ.ಜೆಪಿಜಿ, ಟೆಸ್ಟ್.ಜೆಪಿಜಿ, ಟೆಸ್ಟ್.ಪಿಎಚ್‌ಪಿ.ಬಿಎಕೆ ಅಂತ ನಾಲ್ಕು ಹೆಸರಲ್ಲಿ ಉಳಿಸಿ. ಐದನೆಯದು ಎಕ್ಸ್‌ಟೆನ್ಶನ್ ದೊಡ್ಡಕ್ಷರದಲ್ಲಿರುವ ಪಿಎಚ್‌ಪಿ ಫೈಲ್ (ಐಐಎಸ್ ಆದರೆ ಇದನ್ನು ಬಿಡಿ, ವಿಂಡೋಸ್‌ಗೆ ಎರಡೂ ಒಂದೇ ಹೆಸರು). ಅಪ್‌ಲೋಡ್ ಫೋಲ್ಡರ್‌ಗೂ ಒಂದೊಂದು ಪ್ರತಿ ಹಾಕಿ. ಈಗ ಬ್ರೌಸರ್ ಬಿಡಿ, ಕ್ಯಾಶ್ ಮೋಸ ಮಾಡುತ್ತದೆ, ಕರ್ಲ್ ಅನ್ನುವ ಕಮ್ಯಾಂಡ್‌ನಿಂದ ಒಂದೊಂದಾಗಿ ಕೇಳಿ. ಮೊದಲನೆಯದಕ್ಕೆ ಮಾತ್ರ 42 ಬರಬೇಕು (ಇಂಡೆಕ್ಸ್.ಪಿಎಚ್‌ಪಿ ಒಂದಕ್ಕೇ ಬಾಗಿಲು ಬಿಟ್ಟಿದ್ದರೆ ಅದಕ್ಕೂ 404). ಟೆಸ್ಟ್.ಜೆಪಿಜಿ ಕೊನೆಗೆ ಓರೆಗೆರೆ ಹಾಕಿ ಎಕ್ಸ್.ಪಿಎಚ್‌ಪಿ ಸೇರಿಸಿಯೂ ನೋಡಿ, ಅಲ್ಲಿ 404 ಅಥವಾ ಆಕ್ಸೆಸ್ ಡಿನೈಡ್ ಬಂದರೆ ಸರಿ. ದೊಡ್ಡಕ್ಷರದ್ದರಲ್ಲಿ ಮತ್ತು .ಬಿಎಕೆಯಲ್ಲಿ ಕೋಡ್ ಹಾಗೇ ಕಂಡರೆ ನಿಮ್ಮ ರೆಜೆಕ್ಸ್ ಅವನ್ನು ಸಾದಾ ಫೈಲ್ ಅಂದುಕೊಂಡಿದೆ. .ಬಿಎಕೆ, .ಎಸ್‌ಕ್ಯುಎಲ್, .ಒಎಲ್‌ಡಿ, ಎಡಿಟರ್ ಬಿಟ್ಟುಹೋಗುವ ~ ಚಿಹ್ನೆಯ ಫೈಲ್‌ಗಳಿಗೆಲ್ಲ ಬಾಗಿಲು ಮುಚ್ಚುವ ಒಂದು ನಿಯಮ ಸೇರಿಸಿ ಮತ್ತೆ ನೋಡಿ. ಅಪ್‌ಲೋಡ್ ಫೋಲ್ಡರ್‌ನಲ್ಲಿ ಯಾವುದಕ್ಕೂ 42 ಬರಬಾರದು. ಎಲ್ಲ ಸರಿಯಿದ್ದರೆ ಆ ಟೆಸ್ಟ್ ಫೈಲ್‌ಗಳನ್ನು ಅಳಿಸಿಬಿಡಿ.